ಆ ಏಳು ಅಂಕ ಎಲ್ಲಿಂದ ಇಳಿದವು

2019ರ ಮಳೆಗಾಲದ ಹೊತ್ತಿಗೆ ಹೊಸೂರಿನ ಸಿಪ್ಕಾಟ್‌ನಲ್ಲಿ ಮಿಷಿನ್‌ಗಳು ವಾರದಲ್ಲಿ ಎರಡು ದಿನ, ಮೂರು ದಿನ ನಿಲ್ಲತೊಡಗಿದವು. ದೇಶದಲ್ಲೆಲ್ಲ ವಾಹನಗಳ ಮಾರಾಟ ಬಿದ್ದುಹೋಗಿತ್ತು. ದೊಡ್ಡ ಕಂಪನಿಗಳಲ್ಲಾದರೆ ಕೆಲಸವಿಲ್ಲದ ದಿನಗಳನ್ನು ಮೊದಲೇ ಬೋರ್ಡಿಗೆ ಹಾಕುತ್ತಿದ್ದರು. ಅವಕ್ಕೆ ಬಿಡಿಭಾಗ ಮಾಡಿಕೊಡುವ ನಮ್ಮಂಥ ಸಣ್ಣ ಯೂನಿಟ್‌ಗಳಲ್ಲಿ ಬೋರ್ಡೂ ಇಲ್ಲ, ನೋಟಿಸೂ ಇಲ್ಲ. ಸಂಜೆ ಗೇಟಿನಲ್ಲಿ ಸೆಕ್ಯೂರಿಟಿಯವರು ‘ನಾಳೈಕ್ಕಿ ವೇಲೆ ಇಲ್ಲೆ’ ಅಂದರೆ ಮುಗಿಯಿತು.

ನಾನು ಅಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೆ. ಐಟಿಐ ಮುಗಿಸಿದಾಗಿನಿಂದ ಅದೇ ಕೆಲಸ. ಲೇತ್‌ನಿಂದ ಇಳಿದ ಬುಷ್‌ಗಳನ್ನು ಮೈಕ್ರೋಮೀಟರಿನಲ್ಲಿ ಹಿಡಿದು ನೋಡಬೇಕು, ಅಳತೆ ಕೂಡಿದರೆ ಒಂದು ಟ್ರೇಗೆ, ಕೂಡದಿದ್ದರೆ ಇನ್ನೊಂದಕ್ಕೆ. ಶಿಫ್ಟ್ ಮುಗಿದ ಮೇಲೆ ರಿಜೆಕ್ಷನ್ ಶೀಟ್ ಬರೆದು ಸಹಿ ಹಾಕಬೇಕು. ಮನೆ ಕೆಲಮಂಗಲದ ಹತ್ತಿರ ಹಳ್ಳಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಕಂಪನಿಯಲ್ಲಿ ತಮಿಳು, ಶೀಟಿನಲ್ಲಿ ಇಂಗ್ಲಿಷು. ಈ ಕಡೆಯವರಿಗೆಲ್ಲ ಇದು ಮಾಮೂಲು.

ಆರ್ಡರ್ ನಿಂತಾಗ ಕಾಂಟ್ರ್ಯಾಕ್ಟ್ ಹುಡುಗರನ್ನು ಕೈಬಿಟ್ಟರು. ಯಾರನ್ನು ಬಿಡುವುದು ಎಂದು ತೀರ್ಮಾನಿಸಲು ನನ್ನ ಶೀಟುಗಳನ್ನು ತರಿಸಿಕೊಂಡರು, ಯಾವ ಹುಡುಗನ ಕೈಯಲ್ಲಿ ಎಷ್ಟು ಪೀಸ್ ಕೆಟ್ಟಿದೆ ಅಂತ ನೋಡಲು. ಆರ್ಡರ್ ಇದ್ದಿದ್ದರೆ ಆ ಲೆಕ್ಕವನ್ನು ಯಾರೂ ಕೇಳುತ್ತಿರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಹಗಲು ಹೊತ್ತು ನನಗೂ ಗೊತ್ತಿತ್ತು. ರಾತ್ರಿ ಮೂರು ಗಂಟೆಗೆ ಎಚ್ಚರವಾದಾಗ ಮಾತ್ರ ಕಣ್ಣ ಮುಂದೆ ನನ್ನ ಸಹಿಯೊಂದೇ ಇರುತ್ತಿತ್ತು.

ಮೊದಲು ಕೆಟ್ಟದ್ದು ಹೊಟ್ಟೆ. ಎದೆಯುರಿ, ಗ್ಯಾಸು, ಅನ್ನ ಕಂಡರೆ ಓಕರಿಕೆ. ಆಮೇಲೆ ಎದೆ ಭಾರ, ಕೈಕಾಲು ಸೋಲು. ಊರಿನ ಡಾಕ್ಟರು ಗ್ಯಾಸಿನ ಮಾತ್ರೆ ಕೊಟ್ಟರು. ಪೇಟೆಯ ಡಾಕ್ಟರು ಇಸಿಜಿ, ಸ್ಕ್ಯಾನು, ಕೊನೆಗೆ ಎಂಡೋಸ್ಕೋಪಿ ಮಾಡಿಸಿದರು. ಪ್ರತಿ ಸಲವೂ ರಿಪೋರ್ಟು ನಾರ್ಮಲ್. ದುಡ್ಡು ಹೋಗುತ್ತಿತ್ತು, ಕಾಯಿಲೆ ಹೋಗುತ್ತಿರಲಿಲ್ಲ. ಅಮ್ಮ ದೃಷ್ಟಿ ತೆಗೆದಳು, ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಿದಳು. ಹೆಂಡತಿ ಹೊಸೂರಿನ ಬೆಟ್ಟ ಹತ್ತಿ ಚಂದ್ರಚೂಡೇಶ್ವರನಿಗೆ ಹರಕೆ ಹೊತ್ತಳು. ನಾನು ಗೋಡೆ ಕಡೆ ತಿರುಗಿ ಮಲಗಿದೆ.

ಹೊಟ್ಟೆನೋವು ಅನ್ನುವುದಕ್ಕೆ ಒಂದು ಅನುಕೂಲವಿದೆ, ಅದನ್ನು ಯಾರ ಮುಂದೆ ಬೇಕಾದರೂ ಹೇಳಬಹುದು. ಡಾ. ಆರ್. ರಘುರಾಮ್ ಮತ್ತು ಸಂಗಡಿಗರು ಬೆಂಗಳೂರಿನ ರೋಗಿಗಳನ್ನು ಮಾತನಾಡಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಬಗ್ಗೆ ಆಮೇಲೆ ಓದಿದೆ. ಮನಸ್ಸಿನ ದುಃಖವನ್ನು ಹೆಚ್ಚು ಹೇಳಿಕೊಂಡವರಿಗೆ ಅವಮಾನದ ಅಳುಕೂ ಹೆಚ್ಚಿತ್ತಂತೆ. ಮೈಯ ನೋವನ್ನೇ ಹೇಳಿಕೊಂಡವರಿಗೆ ಆ ಅಳುಕು ಕಡಿಮೆಯಂತೆ. ಅದಕ್ಕೆ ನಾನೇ ಸಾಕ್ಷಿ. ಮದುವೆ ವಯಸ್ಸಿನ ತಂಗಿಯಿದ್ದ ಮನೆಯಲ್ಲಿ ಅಣ್ಣನಿಗೆ ಅಲ್ಸರ್ ಅನ್ನುವುದು ಬೇರೆ, ತಲೆ ಸರಿಯಿಲ್ಲ ಅನ್ನುವುದು ಬೇರೆ. ನಿಮ್ಹಾನ್ಸ್‌ನವರು 2015–16ರಲ್ಲಿ ತಮಿಳುನಾಡೂ ಸೇರಿ 12 ರಾಜ್ಯಗಳಲ್ಲಿ ಸಮೀಕ್ಷೆ ಮಾಡಿದಾಗ, ಇಪ್ಪತ್ತು ಮಂದಿಯಲ್ಲಿ ಒಬ್ಬರಿಗೆ ಜೀವನದಲ್ಲಿ ಎಂದಾದರೂ ಖಿನ್ನತೆ ಬಂದಿರುತ್ತದೆ, ಆದರೆ ಖಿನ್ನತೆಯವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆ ಸಿಕ್ಕಿಲ್ಲ ಎಂದು ಗೊತ್ತಾಯಿತು. ಆ 85ರಲ್ಲಿ ಎಷ್ಟು ಜನ ಎಂಡೋಸ್ಕೋಪಿ ಮಾಡಿಸಿಕೊಂಡು ಕೂತಿದ್ದರೋ.

ಕೊನೆಗೆ ಪೇಟೆಯ ಡಾಕ್ಟರೇ ‘ಒಂದ್ಸಲ ನಿಮ್ಹಾನ್ಸ್‌ಗೆ ತೋರಿಸಿ’ ಎಂದು ಚೀಟಿ ಬರೆದರು. ನಮ್ಮ ಹೊಸೂರಿನ ಹೆಸರಿನ ರಸ್ತೆಯಲ್ಲೇ ಆ ಆಸ್ಪತ್ರೆ ಇದೆ. ಹೊಸೂರಿನಲ್ಲಿ ಬಸ್ಸು ಹತ್ತಿದರೆ ಅತ್ತಿಬೆಲೆ, ಚಂದಾಪುರ, ಬೊಮ್ಮಸಂದ್ರ, ಮಡಿವಾಳ, ಆಮೇಲೆ ಡೇರಿ ಸರ್ಕಲ್. 1974ರಲ್ಲಿ ನಿಮ್ಹಾನ್ಸ್ ಆಗುವ ಮುಂಚೆ ಅಲ್ಲಿದ್ದದ್ದು ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ. ನಮ್ಮ ಹಳ್ಳಿಗಳಲ್ಲಿ ಹಳಬರು ಇವತ್ತಿಗೂ ಹುಚ್ಚಾಸ್ಪತ್ರೆ ಅಂತಲೇ ಅನ್ನುತ್ತಾರೆ. ‘ಹೊಟ್ಟೆಗೆ ದೊಡ್ಡ ಡಾಕ್ಟರಿಗೆ ತೋರಿಸೋಕೆ ಬೆಂಗಳೂರಿಗೆ ಹೋಗ್ತಿದೀವಿ’ ಎಂದು ಹೇಳಿ ಹೆಂಡತಿ ಬೀಗ ಹಾಕಿದಳು.

ನನ್ನನ್ನು ಮೊದಲು ನೋಡಿದವರು ಅಲ್ಲಿ ಕಲಿಯುತ್ತಿದ್ದ ಚಿಕ್ಕ ವಯಸ್ಸಿನ ಡಾಕ್ಟರು, ಧಾರವಾಡದ ಕಡೆಯವರು. ಬಹಳ ಹೊತ್ತು ಸಾದಾ ಮಾತಾಡಿದರು. ಆಮೇಲೆ ಮುದ್ರಿಸಿದ ಹಾಳೆಯೊಂದನ್ನು ಮುಂದಿಟ್ಟುಕೊಂಡು ಪೆನ್ಸಿಲ್ ಹಿಡಿದರು.

‘ನಿದ್ದಿ ಹೆಂಗದರಿ? ಮಲಕೊಂಡ ಕೂಡಲೇ ಹತ್ತತದೋ, ಹೊಳ್ಳಾಡತೀರೋ?’

ಹತ್ತುತ್ತೆ ಅಂದೆ, ಒಂದರ್ಧ ಗಂಟೆ ಹೊರಳಾಡಿದ ಮೇಲೆ. ಅದಕ್ಕೊಂದು ಅಂಕೆ ಬರೆದರು. ನಿದ್ದೆ ವಿಷಯ ಮುಗಿಯಿತು ಅಂದುಕೊಂಡೆ.

‘ನಡು ರಾತ್ರಿ ಎಚ್ಚರಾಗತದೇನು?’ ಮತ್ತೊಂದು ಅಂಕೆ. ‘ನಸಿಕಿನ್ಯಾಗ ಎಚ್ಚರಾದರ ಮತ್ತ ನಿದ್ದಿ ಬರ್ತದೋ, ಇಲ್ಲೋ?’ ಇನ್ನೊಂದು.

ಒಂದೇ ನಿದ್ದೆಯನ್ನು ಮೂರು ತುಂಡು ಮಾಡಿ ಅಳೆದದ್ದು ನನಗೆ ಹಿಡಿಸಿತು. ಸರಿಯಾಗಿ ಅಳೆಯುವವರು ಹಾಗೇ ಮಾಡುವುದು. ಊಟ, ತೂಕ, ಕೆಲಸ, ಕಳವಳ, ಮೈನೋವು, ಗಂಡ-ಹೆಂಡತಿ ಸಂಬಂಧ, ಎಲ್ಲದಕ್ಕೂ ಒಂದೊಂದು ಸಾಲು. ‘ಏನರ ತಪ್ಪು ಮಾಡೇನಿ ಅನಸ್ತದೇನ್ರಿ?’ ಎಂದು ಕೇಳಿದಾಗ ಕಾಂಟ್ರ್ಯಾಕ್ಟ್ ಹುಡುಗರ ವಿಷಯ ಮೊದಲ ಸಲ ಬಾಯಿಬಿಟ್ಟೆ. ಹೆಂಡತಿಗೂ ಅದು ಗೊತ್ತಿರಲಿಲ್ಲ. ಎಲ್ಲ ಸಾಲಿಗೂ ಅವರು ಪ್ರಶ್ನೆ ಕೇಳಲಿಲ್ಲ. ನಾನು ಎಷ್ಟು ನಿಧಾನ ಮಾತಾಡುತ್ತೇನೆ, ಕೈ ಹೊಸೆಯುತ್ತೇನೋ ಇಲ್ಲವೋ ಎಂಬುದನ್ನು ನೋಡಿಯೇ ತುಂಬಿದರು.

ಒಟ್ಟು 24 ಬಂತು. ಸ್ವಲ್ಪ ಹೊತ್ತಿಗೆ ಅವರ ಮೇಲಿನ ಡಾಕ್ಟರು ಬಂದು ಅದೇ ವಿಷಯಗಳನ್ನು ಬೇರೆ ಮಾತಿನಲ್ಲಿ ಕೇಳಿ ತಾವೂ ಕೂಡಿದರು. ಅವರದು 22. ಇಬ್ಬರೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಯಾವ ಸಾಲಿನಲ್ಲಿ ವ್ಯತ್ಯಾಸ ಬಂತು ಎಂದು ನೋಡುತ್ತಿದ್ದರು. ನನ್ನ ಕೈಯಲ್ಲಿ ಸುಮ್ಮನಿರಲಾಗಲಿಲ್ಲ. ನಮ್ಮಲ್ಲೂ ಹೀಗೇ ಮಾಡುತ್ತೇವೆ ಸಾರ್, ಒಂದೇ ಪೀಸನ್ನು ಇಬ್ಬರು ಇನ್‌ಸ್ಪೆಕ್ಟರ್‌ಗಳ ಕೈಗೆ ಕೊಟ್ಟು ಮೂರು ಮೂರು ಸಲ ಅಳೆಸುತ್ತೇವೆ, ಅದಕ್ಕೆ ಗೇಜ್ ಆರ್ ಅಂಡ್ ಆರ್ ಅನ್ನುತ್ತೇವೆ ಅಂದೆ. ಆ ತಿಂಗಳುಗಳಲ್ಲಿ ನಾನಾಗಿಯೇ ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ದೊಡ್ಡ ಡಾಕ್ಟರು ನಕ್ಕರು. ‘ನೋಡಿ, ಈಗ ಆಸಕ್ತಿ ಅನ್ನೋ ಸಾಲಲ್ಲಿ ಒಂದಂಕ ಇಳಿಸಬೇಕಾಗುತ್ತೆ’ ಅಂದರು. ಇಳಿಸಲಿಲ್ಲ.

ಆ ಹಾಳೆಯನ್ನು ಮಾಡಿದವರು ಮ್ಯಾಕ್ಸ್ ಹ್ಯಾಮಿಲ್ಟನ್, ಇಂಗ್ಲೆಂಡಿನ ಲೀಡ್ಸ್‌ನ ಮನೋವೈದ್ಯರು. 1960ರಲ್ಲಿ ಪ್ರಕಟಿಸಿದರು. 17 ಸಾಲು, ಕೆಲವಕ್ಕೆ ಸೊನ್ನೆಯಿಂದ 4, ಕೆಲವಕ್ಕೆ ಸೊನ್ನೆಯಿಂದ 2, ಎಲ್ಲ ಕೂಡಿದರೆ ಹೆಚ್ಚೆಂದರೆ 52. ಸಾಮಾನ್ಯವಾಗಿ 7ರ ಒಳಗಿದ್ದರೆ ಕಾಯಿಲೆ ಇಳಿದಿದೆ, 23 ಮುಟ್ಟಿದರೆ ಬಹಳ ತೀವ್ರ ಎಂದು ಹಿಡಿಯುತ್ತಾರೆ. ಇಬ್ಬರು ವೈದ್ಯರು ಒಂದೇ ಭೇಟಿಯಲ್ಲಿ ಬೇರೆ ಬೇರೆಯಾಗಿ ಅಂಕ ಹಾಕಿ ಎರಡನ್ನೂ ಕೂಡುವುದು ಒಳ್ಳೆಯದು ಎಂದು ಹ್ಯಾಮಿಲ್ಟನ್ ಅವರೇ ಬರೆದಿದ್ದರು. ಖಿನ್ನತೆ ಇದೆಯೋ ಇಲ್ಲವೋ ಎಂದು ಕಂಡುಹಿಡಿಯಲು ಅವರು ಇದನ್ನು ಮಾಡಲಿಲ್ಲ. ಇದೆ ಎಂದು ವೈದ್ಯರು ಮೊದಲೇ ತೀರ್ಮಾನಿಸಿದವರಲ್ಲಿ ಅದು ಎಷ್ಟಿದೆ ಎಂದು ನೋಡಲು ಮಾಡಿದರು. ಇದನ್ನು ಬಹಳ ಮಂದಿ ಮರೆಯುತ್ತಾರೆ.

ಎರಡು ಮಾತ್ರೆ ಬರೆದುಕೊಟ್ಟರು. ಅದರಲ್ಲಿ ರಾತ್ರಿಯದು ಮಿರ್ಟಾಜಪೈನ್. ಮೊದಲ ವಾರದಲ್ಲೇ ನಿದ್ದೆ ಬಂತು. ಅಂಥ ನಿದ್ದೆಯನ್ನು ನಾನು ಮರೆತೇಬಿಟ್ಟಿದ್ದೆ. ಎರಡು ಮುದ್ದೆ ಒಳಗೆ ಹೋಗತೊಡಗಿತು. 2020ರ ಮಾರ್ಚ್ ಮೊದಲಲ್ಲಿ ಮತ್ತೆ ಹೋದಾಗ ಅದೇ ಹಾಳೆ, ಅದೇ ಪ್ರಶ್ನೆಗಳು. ಈ ಸಲ 17.

ನನ್ನ ಕಷ್ಟ ನಿಜವಾಗಿ ಶುರುವಾದದ್ದು ಇಲ್ಲಿಂದ. ಹೆಂಡತಿ ಬಸ್ಸಿನಲ್ಲೇ ತವರಿಗೆ ಫೋನು ಹಚ್ಚಿ ‘ಏಳು ಇಳಿದೈತಂತೆ’ ಎಂದು ಹೇಳಿದಳು. ಎಸ್ಸೆಸ್ಸೆಲ್ಸಿ ಮಾರ್ಕಿನ ಹಾಗೆ ಸುದ್ದಿ ಮನೆಮನೆಗೂ ಹೋಯಿತು. ಭಾವ ಬಂದು, ‘ಏಳು ಇಳಿದ ಮೇಲೆ ಇನ್ನೇನಪ್ಪಾ, ಕೆಲಸಕ್ಕೆ ಹೋಗು, ಮನೇಲಿ ಕೂತ್ರೆ ಇದೇ ಆಗೋದು’ ಅಂದರು. ಅಮ್ಮ ಕೆನ್ನೆ ಮುಟ್ಟಿ ನೋಡಿ ‘ಮೈ ಕೈ ತುಂಬ್ಕೊಂಡವ್ನೆ ನನ್ಮಗ’ ಅಂದಳು. ತುಂಬಿಕೊಂಡದ್ದು ನಿಜ. ಒಳಗೆ ಮಾತ್ರ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಮುಂಚೆ ಅರೆನಿದ್ದೆಯಲ್ಲಿ ಮಸುಕಾಗಿದ್ದ ಯೋಚನೆಗಳು ಈಗ ಚೆನ್ನಾಗಿ ನಿದ್ದೆ ಮಾಡಿ ಎದ್ದ ಬುದ್ಧಿಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ಹೇಳಿದರೆ ನಂಬುವವರಿಲ್ಲ, ಕಾಗದದಲ್ಲಿ 17 ಅಂತ ಇದೆಯಲ್ಲ.

ಪುಣ್ಯಕ್ಕೆ ಧಾರವಾಡದ ಆ ಡಾಕ್ಟರು ಆ ದಿನವೇ ಹೆಂಡತಿಯನ್ನು ಕೂರಿಸಿಕೊಂಡು ಎರಡೂ ಹಾಳೆಗಳನ್ನು ತೋರಿಸಿದ್ದರು. ನಿದ್ದೆಯ ಮೂರು ಸಾಲುಗಳಲ್ಲಿ ಹೋದ ಸಲ ಕೂಡಿ 5, ಈ ಸಲ 1. ಹಸಿವೆಯಲ್ಲಿ 2 ಇದ್ದದ್ದು ಸೊನ್ನೆ. ತೂಕದಲ್ಲಿ 1 ಇದ್ದದ್ದು ಸೊನ್ನೆ. ನಾಲ್ಕು, ಎರಡು, ಒಂದು. ಏಳೂ ಅಲ್ಲಿಂದಲೇ ಇಳಿದದ್ದು. ನಿದ್ದೆ ತರಿಸುವುದು, ಹಸಿವೆ ಹೆಚ್ಚಿಸುವುದು ಆ ಮಾತ್ರೆಯ ಗುಣ. ಬೇಸರ ಎಷ್ಟಿತ್ತೋ ಅಷ್ಟೇ ಇತ್ತು, ತಪ್ಪಿನ ಭಾವನೆಯೂ, ಕೆಲಸದ ಸಾಲೂ ಅಲ್ಲೇ ನಿಂತಿದ್ದವು. ‘ಒಟ್ಟು ನೋಡಬ್ಯಾಡ್ರಿ, ಯಾವ ಸಾಲು ಇಳದದ ನೋಡ್ರಿ’ ಎಂದು ಪೆನ್ಸಿಲ್ಲಿನಲ್ಲಿ ಗೀಟು ಹಾಕಿ ತೋರಿಸಿದರು. ಮೈ ಮೊದಲು ಏಳುತ್ತದೆ, ಮನಸ್ಸು ತಡವಾಗಿ ಏಳುತ್ತದೆ, ಈ ನಡುವಿನ ದಿನಗಳಲ್ಲೇ ಕಣ್ಣಿಟ್ಟು ನೋಡಿಕೊಳ್ಳಬೇಕು, ಏನಾದರೂ ಮಾಡಿಕೊಳ್ಳುವ ಶಕ್ತಿ ಆಗ ಬಂದಿರುತ್ತದೆ ಎಂದೂ ಹೇಳಿದರಂತೆ. ಹೆಂಡತಿ ಅದನ್ನು ಯಾರಿಗೂ ಹೇಳಲಿಲ್ಲ. ಊರಿಗೆಲ್ಲ ಏಳರ ಸುದ್ದಿ ಕೊಟ್ಟು ಒಳಗೊಳಗೇ ಹೆದರಿಕೊಂಡು ನನ್ನ ಹಿಂದೆಯೇ ಓಡಾಡುತ್ತಿದ್ದಳು ಎಂದು ಬಹಳ ದಿನದ ಮೇಲೆ ಗೊತ್ತಾಯಿತು.

ಅದೇ ತಿಂಗಳ 25ರಿಂದ ಲಾಕ್‌ಡೌನ್. ಅತ್ತಿಬೆಲೆಯಲ್ಲಿ ಬ್ಯಾರಿಕೇಡ್ ಬಿತ್ತು. ಏಪ್ರಿಲ್‌ನ ಬಹುಪಾಲು ದಿನ ನಮ್ಮ ಕೃಷ್ಣಗಿರಿ ಜಿಲ್ಲೆಯಲ್ಲಿ ಸೋಂಕೇ ಇರಲಿಲ್ಲ, ಹಸಿರು ವಲಯ ಎಂಬ ಹೆಮ್ಮೆ ಬೇರೆ, ಗಡಿ ಇನ್ನಷ್ಟು ಬಿಗಿ. ಹೊಸೂರಿನಿಂದ ನಲವತ್ತು ಕಿಲೋಮೀಟರ್‌ನೊಳಗಿನ ಆಸ್ಪತ್ರೆ ಬೇರೆ ದೇಶವಾಯಿತು. ಪಕ್ಕದ ತೋಟದವರು ಮಾರಾಟವಿಲ್ಲದ ಗುಲಾಬಿಯನ್ನು ಕೊಯ್ದು ಕೊಯ್ದು ತಿಪ್ಪೆಗೆ ಸುರಿಯುತ್ತಿದ್ದರು. ಕೊಯ್ಯದೆ ಬಿಟ್ಟರೆ ಗಿಡ ಹಾಳಾಗುತ್ತದೆ, ಅದಕ್ಕೆ.

ಡಾಕ್ಟರು ಫೋನು ಮಾಡಿದರು. ನಮ್ಮ ಫೋನಿನ ಕಿವಿಯ ಕಡೆಯ ಸ್ಪೀಕರ್ ಕೆಟ್ಟಿತ್ತು, ಲೌಡ್ ಸ್ಪೀಕರಿನಲ್ಲಿ ಹಾಕಿದರೆ ಮಾತ್ರ ಕೇಳುತ್ತಿತ್ತು. ನಡುಮನೆಯಲ್ಲಿ ಸ್ಟೂಲಿನ ಮೇಲೆ ಫೋನು, ಪಕ್ಕದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಅಮ್ಮ, ಬಾಗಿಲಲ್ಲಿ ಹೆಂಡತಿ, ತಂಗಿ. ಎದುರು ಕೂತು ನೋಡದೆ ಹ್ಯಾಮಿಲ್ಟನ್ ಹಾಳೆ ತುಂಬುವುದು ಕಷ್ಟ ಎಂದು ಅವರು ಬೇರೆ ಪಟ್ಟಿ ತೆಗೆದಿದ್ದರು. ಅದಕ್ಕೆ ಪಿಎಚ್‌ಕ್ಯೂ-9 ಎಂದು ಹೆಸರು. 2001ರಲ್ಲಿ ಅಮೆರಿಕದಲ್ಲಿ ಕ್ರೋಂಕೆ, ಸ್ಪಿಟ್ಜರ್, ವಿಲಿಯಮ್ಸ್ ಎಂಬ ಮೂವರು ಪ್ರಕಟಿಸಿದ್ದು. ಫೈಜರ್ ಔಷಧ ಕಂಪನಿಯ ದುಡ್ಡಿನಲ್ಲಿ ತಯಾರಾದರೂ ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಒಂಬತ್ತೇ ಪ್ರಶ್ನೆ. ಕಳೆದ ಎರಡು ವಾರದಲ್ಲಿ ಹೀಗೆ ಎಷ್ಟು ದಿನ ಆಯಿತು: ಇಲ್ಲವೇ ಇಲ್ಲ, ಕೆಲವು ದಿನ, ಅರ್ಧಕ್ಕಿಂತ ಹೆಚ್ಚು ದಿನ, ಹೆಚ್ಚುಕಡಿಮೆ ದಿನಾ. ಸೊನ್ನೆಯಿಂದ 3. ಒಟ್ಟು 27ಕ್ಕೆ. ಇಲ್ಲಿ ಅಳೆಯುವವನೂ ರೋಗಿಯೇ, ಅಳತೆಗೆ ಸಿಗುವವನೂ ರೋಗಿಯೇ.

ಎಂಟು ಪ್ರಶ್ನೆ ಹೇಗೋ ದಾಟಿದವು. ಒಂಬತ್ತನೆಯದು, ಸತ್ತರೇ ವಾಸಿ ಎಂದಾಗಲಿ, ತನಗೆ ತಾನೇ ಏನಾದರೂ ಮಾಡಿಕೊಳ್ಳಬೇಕು ಎಂದಾಗಲಿ ಯೋಚನೆ ಬಂದಿದೆಯೇ ಎಂಬುದು. ಫೋನು ಅದನ್ನು ಇಡೀ ನಡುಮನೆಗೆ ಕೇಳುವ ಹಾಗೆ ಕೇಳಿತು. ಅಮ್ಮನ ಕೈ ನಿಂತಿತು.

‘ಇಲ್ಲ ಮೇಡಂ’ ಅಂದೆ.

ಒಟ್ಟು 11 ಆಯಿತು. 10 ಮುಟ್ಟಿದರೆ ಮಧ್ಯಮ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂತ್ಯಾಕ ಯಾರದಾರ?’ ಅಂದರು. ಎಲ್ಲರೂ ಇದ್ದಾರೆ ಅಂದೆ. ‘ಫೋನ್ ತಗೊಂಡು ಹಿತ್ತಲಕ್ಕ ಹೋಗ್ರಿ. ದೂರ ಹೋಗ್ರಿ.’ ನುಗ್ಗೆಮರದ ಹತ್ತಿರ ಹೋದೆ. ಮಿಕ್ಕ ಎಂಟನ್ನು ಬಿಟ್ಟು ಒಂಬತ್ತನೆಯದನ್ನು ಮಾತ್ರ ಮತ್ತೆ ಕೇಳಿದರು, ಈ ಸಲ ಪಟ್ಟಿಯ ಮಾತಿನಲ್ಲಲ್ಲ, ತಮ್ಮ ಮಾತಿನಲ್ಲಿ. ದಿನಾ ಅಂದೆ.

ಅವರು ಅಂಕ ಕೂಡಲಿಲ್ಲ. ಹೇಗೆ, ಯಾವಾಗ, ಎಲ್ಲಿ ಎಂದು ಒಂದೊಂದಾಗಿ ಕೇಳಿದರು. ಕೇಳುವ ದನಿಯಲ್ಲಿ ಗಾಬರಿ ಇರಲಿಲ್ಲ, ಅದಕ್ಕೇ ಹೇಳಲು ಆಯಿತು. ಆಮೇಲೆ ಹೆಂಡತಿಯನ್ನು ಫೋನಿಗೆ ಕರೆಸಿಕೊಂಡರು. ಮಾತ್ರೆಯ ಡಬ್ಬಿ ಅವಳ ಸುಪರ್ದಿಗೆ ಹೋಯಿತು, ತೋಟದ ಔಷಧಿಯಿದ್ದ ಕೊಟ್ಟಿಗೆಗೆ ಬೀಗ ಬಿತ್ತು, ರಾತ್ರಿ ಒಬ್ಬನೇ ಮಲಗುವುದು ನಿಂತಿತು, ಮಾತ್ರೆಯ ಪ್ರಮಾಣ ಬದಲಾಯಿತು. ಮಾರನೇ ದಿನ ಮತ್ತೆ ಫೋನು, ಅದರ ಮಾರನೇ ದಿನವೂ. ಒಟ್ಟು 5 ಇದ್ದರೂ 25 ಇದ್ದರೂ ಆ ಒಂಬತ್ತನೇ ಪ್ರಶ್ನೆಗೆ ‘ಇಲ್ಲವೇ ಇಲ್ಲ’ ಬಿಟ್ಟು ಬೇರೆ ಉತ್ತರ ಬಂದರೆ ಅದೊಂದನ್ನೇ ಹಿಡಿದು ವಿಚಾರಿಸಬೇಕು ಎನ್ನುವುದು ಬಲ್ಲವರ ನಿಯಮ. ಮೊಬೈಲಿನಲ್ಲಿ ತಾವೇ ಟಿಕ್ ಮಾಡಿಕೊಂಡು ‘ನಂಗೆ ಬರೀ ಒಂಬತ್ತು’ ಎಂದು ಸಮಾಧಾನಪಟ್ಟುಕೊಳ್ಳುವವರನ್ನು ಕಂಡಾಗ ನನಗೆ ನುಗ್ಗೆಮರದ ಹತ್ತಿರ ಆಡಿದ ಮಾತು ನೆನಪಾಗುತ್ತದೆ.

ಗಡಿ ತೆರೆದು ಇ-ಪಾಸ್ ಸಿಕ್ಕಿ ಮತ್ತೆ ಎದುರು ಕೂತದ್ದು ಬೇಸಿಗೆ ಕಳೆದ ಮೇಲೆ. ಆ ಹೊತ್ತಿಗೆ ನಾನು ಪಕ್ಕದ ತೋಟದವರ ಸ್ಪ್ರೇಯರ್ ನಾಜಲ್ ಬಿಚ್ಚಿ ಸರಿಮಾಡಿಕೊಟ್ಟಿದ್ದೆ, ಇನ್ನೂ ಇಬ್ಬರ ಪಂಪು ರಿಪೇರಿ ಮಾಡಿದ್ದೆ. ಆದರೂ ಡಾಕ್ಟರ ಮುಂದೆ ಕೂತು ‘ಏನೂ ಬದಲಾಗಿಲ್ಲ ಮೇಡಂ, ಮೊದಲ ದಿನ ಹೆಂಗಿದ್ನೋ ಹಂಗೇ ಇದೀನಿ’ ಅಂದೆ. ಅವರು ಫೈಲಿನ ತಳದಿಂದ ಮೊದಲ ಹಾಳೆ ತೆಗೆದು, ಅಂಚಿನಲ್ಲಿ ತಾವು ಬರೆದುಕೊಂಡದ್ದನ್ನು ಓದಿ ಹೇಳಿದರು: ಸ್ನಾನ ಮಾಡಿ ಹದಿನೈದು ದಿನ ಆಗಿದೆ, ಮಗ ಹತ್ತಿರ ಬಂದರೆ ಎದ್ದು ಹೋಗುತ್ತೇನೆ, ಮೈಕ್ರೋಮೀಟರಿನ ಡಬ್ಬಿ ಮುಟ್ಟಲು ಆಗುವುದಿಲ್ಲ. ಇದೆಲ್ಲ ನಾನೇ ಹೇಳಿದ್ದೆನಂತೆ. ಮಗನ ವಿಷಯ ನನಗೆ ನೆನಪೇ ಇರಲಿಲ್ಲ. ಈ ಕಾಯಿಲೆಯಲ್ಲಿ ಬಿದ್ದವನಿಗೆ ನಿನ್ನೆ ಎನ್ನುವುದು ಇರುವುದಿಲ್ಲ, ಯಾವಾಗಲೂ ಹೀಗೇ ಇದ್ದೆ, ಮುಂದೆಯೂ ಹೀಗೇ ಎಂದೇ ಅನ್ನಿಸುತ್ತದೆ. ನನ್ನ ಬದಲು ನೆನಪಿಟ್ಟುಕೊಂಡದ್ದು ಆ ಹಾಳೆ. ನನ್ನ ಮಟ್ಟಿಗೆ ಅದರ ದೊಡ್ಡ ಉಪಕಾರ ಅದೇ. ನನ್ನ ಸಂಕಟ ಎಷ್ಟು ತೂಕದ್ದು ಎಂದು ಅದು ಅಳೆಯಿತು ಅಂತ ನಾನು ಈಗಲೂ ಒಪ್ಪುವುದಿಲ್ಲ. ಬುಷ್ ತನ್ನ ವ್ಯಾಸದ ಬಗ್ಗೆ ಸುಳ್ಳು ಹೇಳುವುದಿಲ್ಲ, ಅಮ್ಮ ಪಕ್ಕದಲ್ಲಿದ್ದಾಳೆ ಎಂದು ಹಿಗ್ಗುಕುಗ್ಗುವುದೂ ಇಲ್ಲ.

ಎಲ್ಲಕ್ಕಿಂತ ಕೊನೆಗೆ ಇಳಿದದ್ದು ತಪ್ಪಿನ ಸಾಲು. ಕೈಬಿಟ್ಟ ಹುಡುಗರಲ್ಲಿ ಒಬ್ಬ ರಾಯಕೋಟೆ ಮಾರ್ಕೆಟ್ಟಿಗೆ ಟೊಮೇಟೊ ಸಾಗಿಸುವ ಗಾಡಿ ಓಡಿಸುತ್ತಿದ್ದ. ದಾರಿಯಲ್ಲಿ ಸಿಕ್ಕಿ ಟೀ ಕುಡಿಸಿದ. ಶೀಟಿನ ವಿಷಯ ನಾನೇ ಎತ್ತಿದೆ. ‘ಯಾವ ಶೀಟಣ್ಣಾ?’ ಅಂದ. ಅದರಿಂದ ಒಮ್ಮೆಗೇ ಹಗುರಾದೆ ಎಂದು ಬರೆಯಬಹುದಿತ್ತು, ಹಾಗೇನೂ ಆಗಲಿಲ್ಲ. ಆಮೇಲೂ ಎಷ್ಟೋ ತಿಂಗಳು ಆ ಸಾಲಿನಲ್ಲಿ ಒಂದು ಅಂಕ ಉಳಿದೇ ಇತ್ತು.

ಈಗ ಬೇರೆ ಯೂನಿಟ್‌ನಲ್ಲಿದ್ದೇನೆ, ಅದೇ ಕೆಲಸ. ಒಟ್ಟು 6ಕ್ಕೆ ಬಂದಾಗ ಮಾತ್ರೆ ನಿಲ್ಲಿಸಬಹುದಾ ಎಂದು ಕೇಳಿದ್ದೆ. ಅಂಕ ಇಳಿಯಿತೆಂದು ಮಾತ್ರೆ ಬಿಡುವ ಹಾಗಿಲ್ಲ, ಚೆನ್ನಾದ ಮೇಲೂ ತಿಂಗಳುಗಟ್ಟಲೆ ತೆಗೆದುಕೊಂಡು ಮೆಲ್ಲಗೆ ಇಳಿಸಬೇಕು ಅಂದರು. ಹಾಗೇ ಮಾಡಿದೆ. ಬೆಳಗಿನ ಜಾವದ ಎಚ್ಚರ ಮಾತ್ರ ಪೂರ್ತಿ ಹೋಗಿಲ್ಲ.

ಊರಿನಲ್ಲಿ ವಿಷಯ ಈಗ ಎಲ್ಲರಿಗೂ ಗೊತ್ತು. ತಂಗಿಯ ಮದುವೆಯೂ ಆಯಿತು. ಹೊಟ್ಟೆನೋವು, ನಿದ್ದೆಯಿಲ್ಲ ಎನ್ನುವವರು ಹೊತ್ತು ಮುಳುಗಿದ ಮೇಲೆ ಬಂದು ಕೂರುತ್ತಾರೆ. ದೂರ ಹೋಗಲಾಗದವರಿಗೆ 14416 ಬರೆದುಕೊಡುತ್ತೇನೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿಮಾನಸ್ ನಂಬರು, ಕನ್ನಡದಲ್ಲೂ ತಮಿಳಿನಲ್ಲೂ ಮಾತಾಡುತ್ತಾರೆ. ಹೋದ ವಾರ ಭಾವನ ಮಗ ಬಂದಿದ್ದ, ಕಾಲೇಜು ಹುಡುಗ. ಮೊಬೈಲಿನಲ್ಲಿ ಆ ಒಂಬತ್ತು ಪ್ರಶ್ನೆಗಳನ್ನು ತೆಗೆದು ಹಿಡಿದಿದ್ದ.

‘ಮಾವಾ, ನಂಗೆ ಹದಿಮೂರು ಬಂದೈತೆ. ಜಾಸ್ತೀನಾ?’

ಫೋನು ಜೇಬಿಗಿಡು, ಹಿತ್ತಲಿಗೆ ನಡಿ, ಕೂತು ಮಾತಾಡೋಣ ಅಂದೆ. ಬರುವ ಸೋಮವಾರ ಅವನನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಎಲ್ಲಿಗೆ ಅಂತ ಈ ಸಲ ಭಾವನೇ ಊರಿಗೆಲ್ಲ ಹೇಳಿದ್ದಾರೆ.